ಗೋಡೆ ಮತ್ತೆ ಕಪ್ಪಾಗುವವರೆಗೆ

ಬೇಕರಿಯ ಕೆಲಸ ಮುಗಿಸಿ ಐರ್ಲೆಂಡಿನ ಅತ್ಲೋನ್ ಊರಿನ ಬಾಡಿಗೆ ಮನೆಯ ಬಾಗಿಲು ತೆಗೆದಾಗ ನೀರಜಾಳ ಮೂಗಿಗೆ ಬ್ಲೀಚಿನ ಘಾಟು ಬಡಿಯಿತು. ಬೆಳಗಿನ ನಾಲ್ಕಕ್ಕೆ ಎದ್ದ ಕಾಲುಗಳು ಹೊಸಿಲಲ್ಲೇ ನಿಂತುಬಿಟ್ಟವು.

ನಾಲ್ಕು ವರ್ಷದ ಮಗಳು ಅನನ್ಯಾ ಅಜ್ಜಿಯ ಜೊತೆ ಮಲಗುವ ಕೋಣೆಯ ಗೋಡೆ ಹಾಲಿನ ಹಾಗೆ ಬೆಳ್ಳಗಿತ್ತು. ಎರಡು ತಿಂಗಳಿಂದ ಮೂಲೆಯಿಂದ ಕಿಟಕಿಯವರೆಗೆ ಹಬ್ಬಿದ್ದ ಕಪ್ಪು ಬೂಷ್ಟಿನ ಸುಳಿವೇ ಇಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಒದ್ದೆ ಬಟ್ಟೆ ಹಿಂಡುತ್ತಿದ್ದವರು, ಮೈಸೂರಿನಿಂದ ಮೂರು ತಿಂಗಳ ಮಟ್ಟಿಗೆ ಬಂದಿದ್ದ ಅತ್ತೆ ಗಂಗಮ್ಮ.

"ನೋಡು, ಹೆಂಗೆ ಮಾಡಿದೀನಿ! ಯಾರೋ ಬರ್ತಾರೆ ಅಂದಿದ್ಯಲ್ಲ. ಗೋಡೆ ಹಂಗೇ ಬಿಟ್ರೆ ಬಂದೋರು ನಮ್ಮನ್ನ ಏನಂದ್ಕೊಂಡಾರು?"

"ಅತ್ತೆ, ಅವ್ರು ಬರ್ತಿರೋದೇ ಆ ಗೋಡೆ ನೋಡೋಕೆ."

ಗಂಗಮ್ಮನ ಕೈ ಹಾಗೇ ನಿಂತಿತು.

ಅನನ್ಯಾಳ ಕೆಮ್ಮು ನಿಲ್ಲಬೇಕಾದರೆ ಆ ಕೋಣೆ ಒಣಗಬೇಕೆಂದು ಡಾಕ್ಟರು ಹೇಳಿದ್ದರು. ಆರು ಈಮೇಲ್ ಕಳಿಸಿದ ಮೇಲೆ ಬಾಡಿಗೆ ಏಜೆಂಟ್ ಇವತ್ತು ಬರಲು ಒಪ್ಪಿದ್ದ. ಕಣ್ಣಾರೆ ಕಂಡರೆ ಗೋಡೆ ಒಡೆಸಿ, ಒಳಗೆ ಸೋರುವ ಪೈಪು ಸರಿ ಮಾಡಿಸುತ್ತೇನೆಂದು ಬರೆದಿದ್ದ.

ಅವನು ಹೇಳಿದ ಹೊತ್ತಿಗೇ ಬಂದ. ಗೋಡೆಯ ಮೇಲೆ ಅಂಗೈ ಆಡಿಸಿ, "ಗ್ರ್ಯಾಂಡ್, ಗ್ರ್ಯಾಂಡ್" ಎಂದ; ಇಲ್ಲಿಯವರ ಮಾತಿನಲ್ಲಿ ಎಲ್ಲ ಚೆನ್ನಾಗಿದೆ ಎಂದರ್ಥ. ನೀರಜಾ ಫೋನಿನಲ್ಲಿದ್ದ ಫೋಟೋ ತೋರಿಸಿದಳು. ಫೋಟೋ ಹಳೆಯದು, ಇವತ್ತು ಕಂಡದ್ದನ್ನಷ್ಟೇ ತಾನು ಬರೆಯಬೇಕು, ಮತ್ತೆ ಕಾಣಿಸಿಕೊಂಡರೆ ಫೋನ್ ಮಾಡಿ ಎಂದ. ಗಂಗಮ್ಮ ಕೊಟ್ಟ ಕಾಫಿ ಕುಡಿದು, ಅದನ್ನೂ ಗ್ರ್ಯಾಂಡ್ ಎಂದು ಹೋದ.

"ಬೂಷ್ಟು ಹೋಯ್ತಲ್ಲ, ಇನ್ನೇನು ನಿನ್ನ ರಗಳೆ?" ಗಂಗಮ್ಮನ ದನಿಯಲ್ಲಿ ಮೊದಲಿನ ಜೋರು ಇರಲಿಲ್ಲ.

ನೀರಜಾ ಕೋಟು ಕೂಡ ಬಿಚ್ಚದೆ ಮಂಚದ ಅಂಚಿಗೆ ಕುಳಿತಳು. ಈಗ ದಿನವೂ ಹಳಸಿದ ಬ್ರೆಡ್ಡು ಆರಿಸಿ ತೆಗೆಯುವ ಈ ಕೈಗಳು, ಮೈಸೂರಿನಲ್ಲಿ ಎಂ.ಎಸ್ಸಿ. ಓದುವಾಗ ಎರಡು ವರ್ಷ ಇದೇ ಕಪ್ಪು ಬೂಷ್ಟನ್ನು ಗಾಜಿನ ತಟ್ಟೆಗಳಲ್ಲಿ ಬೆಳೆಸಿದ್ದವು.

"ಹೋಗಿರೋದು ಬಣ್ಣ ಮಾತ್ರ ಅತ್ತೆ. ಕೂದಲು ಬೆಳ್ಳಗಾದ್ರೆ ಉದುರಿಹೋಯ್ತು ಅಂತೀವಾ?"

"ನನ್ನ ಕೂದಲ ಸುದ್ದಿಗೆ ಯಾಕೆ ಬರ್ತೀಯಾ?"

"ಕೂದಲಲ್ಲಿರೋ ಕಪ್ಪಿನ ಜಾತೀದೇ ಇದೂ. ಮೆಲನಿನ್ ಅಂತಾರೆ. ಬ್ಲೀಚು ಅದನ್ನ ತಿನ್ನತ್ತೆ. ಆದ್ರೆ ಬೂಷ್ಟಿನ ಒಂದೊಂದು ಎಳೆಗೂ ಒಂದು ಗೋಡೆ ಇರತ್ತೆ. ಏಡಿ ಚಿಪ್ಪಲ್ಲಿ ಇರತ್ತಲ್ಲ, ಕೈಟಿನ್, ಅದ್ರದ್ದು. ಜೊತೆಗೆ ಸಕ್ಕರೆ ಕಣಗಳನ್ನ ಸರ ಪೋಣಿಸಿದ ಹಾಗೆ ಇನ್ನೊಂದು, ಗ್ಲೂಕನ್ ಅಂತ. ಅದೆಲ್ಲ ಈ ಗೋಡೆಯ ಜಿಪ್ಸಮ್ ಹಲಗೆ ಒಳಗೆ ಇಳಿದಿದೆ. ಕಾಣಲ್ಲ, ಅಷ್ಟೆ."

"ಏಡಿ ಚಿಪ್ಪಾ? ನಮ್ಮ ಮನೆ ಗೋಡೇಲಾ? ಥೂ!"

ನೀರಜಾಳಿಗೆ ನಗು ಬಂತು, ಆದರೆ ನಗಲು ಶಕ್ತಿ ಸಾಲಲಿಲ್ಲ. ಪಕ್ಕದ ಕೋಣೆಯಿಂದ ಕೆಮ್ಮು ಕೇಳಿಸಿತು. ಹಿಂದೆಯೇ ಅನನ್ಯಾಳ ಐರಿಷ್ ಎಳೆತದ ದನಿ: "ಐಯಾಮ್ ಗ್ರ್ಯಾಂಡ್, ಅಮ್ಮಾ."

ಗಂಗಮ್ಮ ಬಟ್ಟೆಯನ್ನು ಬಕೆಟ್ಟಿಗೆ ಹಾಕಿದರು. "ಈಗೇನು ಮಾಡೋದು?"

"ಕಪ್ಪಾಗೋವರೆಗೂ ಕಾಯೋದು."

"ಎಷ್ಟು ದಿನ?"

"ಮೂರು ವಾರ ಆಗ್ಬೋದು."

ಸಂಜೆ ನೀರಜಾಳ ಗಂಡ ಗುರುದತ್ ಆಫೀಸಿನಿಂದ ಬಂದವನು ಕಥೆ ಕೇಳಿ, ತಾಯಿಯ ಮುಖ ನೋಡಿ, ಹಾಸಿಗೆಗಳನ್ನು ಹಾಲ್‌ಗೆ ಎಳೆದ. ಸೋಫಾ ಮೊಮ್ಮಗಳಿಗೆ, ನೆಲ ಅಜ್ಜಿಗೆ. ಮಂಡಿ ನೋವಿನ ಗಂಗಮ್ಮ ಬೇಡವೆನ್ನಲಿಲ್ಲ. ನೀರಜಾ ಬ್ಲೀಚಿನ ಬಾಟಲಿಯನ್ನು ಮೇಲಿನ ಕಪಾಟಿನಲ್ಲಿಟ್ಟು ಆ ಕೋಣೆಯ ಬಾಗಿಲು ಹಾಕಿದಳು.

ಅಂದಿನಿಂದ ಗಂಗಮ್ಮ ಎದ್ದ ಕೂಡಲೇ ಕನ್ನಡಕ ಹಾಕಿಕೊಂಡು ಗೋಡೆ ನೋಡಲು ಹೋಗುತ್ತಿದ್ದರು. ಒಂದು ವಾರ, ಏನಿಲ್ಲ. ಎರಡನೇ ವಾರ, ಮೂಲೆಯಲ್ಲಿ ಬೂದಿ ಬಣ್ಣದ ನೆರಳು. ಅಷ್ಟರಲ್ಲಿ ಅನನ್ಯಾಳ ಕೆಮ್ಮು ಸ್ವಲ್ಪ ಇಳಿದಿತ್ತು, ಗಂಗಮ್ಮನ ನಡಿಗೆ ಕುಂಟಾಗಿತ್ತು. ಹತ್ತೊಂಬತ್ತನೇ ದಿನ ನೀರಜಾ ಕೆಲಸದಿಂದ ಬಂದಾಗ ಅವರು ಬಾಗಿಲಲ್ಲೇ ಕಾದಿದ್ದರು.

"ಬಂತು ಕಣೇ! ಕರ್ರಗೆ ಬಂದೈತೆ!"

ನೀರಜಾ ನಿಂತಲ್ಲೇ ಏಜೆಂಟನಿಗೆ ಫೋನ್ ಮಾಡಿದಳು. ಶುಕ್ರವಾರ ಬರುತ್ತೇನೆಂದ.

ಶುಕ್ರವಾರ ಗಂಗಮ್ಮ ಹಾಲ್ ಗುಡಿಸಿದರು, ಕಾಫಿ ಲೋಟ ಬೆಳಗಿದರು, ಹೊಸಿಲು ಒರೆಸಿದರು. ಒದ್ದೆ ಬಟ್ಟೆ ಕೈಯಲ್ಲಿ ಹಿಡಿದೇ ಕೋಣೆಯ ಬಾಗಿಲವರೆಗೆ ಹೋಗಿ, ಕಪ್ಪು ಗೋಡೆಯನ್ನು ಒಂದು ನಿಮಿಷ ನೋಡಿ, ವಾಪಸು ಬಂದು ಕುಳಿತರು.