ಮೆಂತೆ ಗಂಜಿಗೆ ಬೆರೆಸಿದ್ದು

ಸ್ವಾತಿ, ಪ್ರಜ್ವಲ್ — ನಿಮ್ಮ ಅಮ್ಮ ಮೊದಲ ಬಾಣಂತನದಲ್ಲಿ ಲೆಕ್ಕ ತಪ್ಪಿ ಮಾತ್ರೆ ನುಂಗಿ ಸಾಯುವ ಹಾಗಾದಳು ಎಂದು ನೀವು ಕೇಳಿಕೊಂಡು ಬೆಳೆದಿದ್ದೀರಿ. ಅದು ಸುಳ್ಳು. ಅವಳ ಗಂಜಿಗೆ ಮಾತ್ರೆ ಅರೆದು ಹಾಕಿದವಳು ನಾನು, ನಿಮ್ಮ ಅಜ್ಜಿ. ಅವಳಿಗೆ ತಿಳಿಯದಂತೆ ಹಾಕಿದೆ. ಆಮೇಲೆ ಎಲ್ಲ ತಿಳಿದೂ ಬಾಯಿ ಬಿಡಲಿಲ್ಲ — ಇಷ್ಟು ವರ್ಷ.

ನಮ್ಮ ಮನೆಮಾತು ತುಳು. ಕನ್ನಡ ನಾನು ಕಾಪುವಿನ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತದ್ದು ಅಷ್ಟೆ. ನಾಲ್ಕು ಜನರೆದುರು ನನಗೆ ಮಾತು ಹೊರಡುವುದಿಲ್ಲ, ಅದು ನಿಮಗೂ ಗೊತ್ತು. ಬರೆಯುವಾಗ ಎದುರಿಗೆ ಯಾರೂ ಇರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಅಮ್ಮ ಶೈಲಳಿಗೆ ಮದುವೆಗೆ ಮೊದಲೇ ಕುತ್ತಿಗೆಯ ಗಡ್ಡೆಯ ಆಪರೇಷನ್ ಆಗಿತ್ತು. ಆ ಜಾಗದಲ್ಲಿ ಅಕ್ಕಿಕಾಳಿನಷ್ಟು ಚಿಕ್ಕ ನಾಲ್ಕು ಗ್ರಂಥಿಗಳಿರುತ್ತವಂತೆ. ರಕ್ತದಲ್ಲಿ ಕ್ಯಾಲ್ಸಿಯಂ ಎಷ್ಟಿರಬೇಕೆಂದು ನೋಡಿಕೊಳ್ಳುವುದು ಅವೇ ಅಂತೆ. ಆಪರೇಷನ್ನಿನ ಮೇಲೆ ಅವು ಕೆಲಸ ನಿಲ್ಲಿಸಲೂಬಹುದು ಎಂದು ಮೊದಲೇ ಹೇಳಿದ್ದರು. ನಿಲ್ಲಿಸಿದವು. ಅಂದಿನಿಂದ ಅವಳು ಕ್ಯಾಲ್ಸಿಯಂ ಮಾತ್ರೆಯ ಮೇಲೆಯೇ ಇದ್ದವಳು. ಒಂದು ಹೊತ್ತು ತಪ್ಪಿಸಿದವಳಲ್ಲ. ಸ್ಟೀಲಿನ ಚಿಕ್ಕ ಡಬ್ಬಿಯೊಂದನ್ನು ಇಟ್ಟುಕೊಂಡು, ಅಂದಂದಿನ ಮಾತ್ರೆ ಅಂದಂದೇ ಎಣಿಸಿ ಹಾಕಿಕೊಳ್ಳುತ್ತಿದ್ದಳು.

ಸ್ವಾತಿ, ನೀನು ಹೊಟ್ಟೆಯಲ್ಲಿದ್ದೆ, ಏಳು ತಿಂಗಳು. ಮಣಿಪಾಲದಲ್ಲಿ ತೋರಿಸಿಕೊಂಡು ನಾವಿಬ್ಬರೂ ಕಾಪುವಿಗೆ ಬಸ್ಸಿನಲ್ಲಿ ಬರುತ್ತಿದ್ದೆವು. ಕಟಪಾಡಿ ದಾಟಿತ್ತೋ ಇಲ್ಲವೋ, ಅವಳ ಬಲಗೈ ಸೆಟೆಯಿತು. ಬೆರಳುಗಳೆಲ್ಲ ಒಟ್ಟಾಗಿ ಕೊಕ್ಕಿನ ಹಾಗೆ ಮುಂದಕ್ಕೆ ಬಾಗಿ, ಹೆಬ್ಬೆರಳು ಅಂಗೈಯೊಳಗೆ ಸೇರಿತು. ಕಂಡಕ್ಟರು ಫಿಟ್ಸ್ ಎಂದುಕೊಂಡು ಓಡಿ ಬಂದು ಕೀಲಿಕೈ ಗೊಂಚಲನ್ನು ಹಿಡಿಸಲು ನೋಡಿದ. ಬೆರಳು ಬಿಡಿಸಲು ಆಗಲಿಲ್ಲ. “ಅಮ್ಮಾ, ತುಟಿ ಜುಮ್ಮೆನ್ನುತ್ತದೆ” ಎಂದಳು. ಅಲ್ಲೇ ಬಸ್ಸಿನಿಂದ ಇಳಿದು ಮತ್ತೆ ಮಣಿಪಾಲಕ್ಕೆ ಹೋದೆವು. ಡಾಕ್ಟರಮ್ಮ ದಿನಕ್ಕೆ ಆರು ಮಾತ್ರೆ ಮಾಡಿದರು. ಕೈ ಸರಿಯಾಯಿತು. ನನ್ನ ಕಣ್ಣಿಂದ ಮಾತ್ರ ಆ ಕೈ ಹೋಗಲಿಲ್ಲ.

ನೀನು ಹುಟ್ಟಿ ಮನೆಗೆ ಕಳಿಸುವ ದಿನ ಡಾಕ್ಟರಮ್ಮ ನಿಧಾನವಾಗಿ, ನನಗೂ ತಿಳಿಯುವಂತೆ ಹೇಳಿದರು. “ಇನ್ನು ಆರು ಬೇಡ. ಹಾಲುಣಿಸುವಾಗ ಶರೀರವೇ ಕ್ಯಾಲ್ಸಿಯಂ ಹೆಚ್ಚಿಸಿಕೊಳ್ತದೆ. ಎರಡು ಸಾಕು. ವಾರಕ್ಕೊಮ್ಮೆ ರಕ್ತ ಪರೀಕ್ಷೆ, ಅದು ತಪ್ಪಬಾರದು.”

ನನಗೆ ಅದು ತಲೆಗೆ ಹೋಗಲಿಲ್ಲ. ಹಾಲು ಕೊಡುವವಳಿಗೆ ಹೆಚ್ಚು ಬೇಕಲ್ಲವೇ, ಕಡಿಮೆ ಮಾಡುವುದುಂಟೇ? ಕೇಳಬೇಕೆಂದಿದ್ದೆ. ಹಿಂದೆ ಜನ ನಿಂತಿದ್ದರು, ನನ್ನ ಮಾತು ಅವರಿಗೆ ನಗೆ ಬರಿಸೀತು ಎಂದು — ಕೇಳಲಿಲ್ಲ. ಕೇಳದೆ ಮನೆಗೆ ಬಂದು ನನ್ನದೇ ತೀರ್ಮಾನ ಮಾಡಿದೆ.

ಅವಳ ಚೀಲದಲ್ಲಿ ಬಸುರಿಯಾಗಿದ್ದಾಗಿನ ಮಾತ್ರೆ ತುಂಬಾ ಉಳಿದಿತ್ತು. ಶೈಲ ಡಬ್ಬಿಯಿಂದ ಬೆಳಿಗ್ಗೆ ಒಂದು, ಸಂಜೆ ಒಂದು ನುಂಗುವಳು. ನಾನು ಒಳಗೆ ನಾಲ್ಕು ಮಾತ್ರೆ ಅರೆದು ಮೆಂತೆ ಗಂಜಿಗೆ ಬೆರೆಸುವೆ. ಮೆಂತೆಯ ಕಹಿಯಲ್ಲಿ ಅದರ ರುಚಿ ತಿಳಿಯುತ್ತಿರಲಿಲ್ಲ. ಊಟವಾದ ಮೇಲೆ ಬಾಣಂತಿಗೆ ಕೊಡುವ ವೀಳ್ಯದೆಲೆಗೂ ಸುಣ್ಣ ಬೆರಳಲ್ಲಿ ದಪ್ಪಗೆ ಎಳೆಯುತ್ತಿದ್ದೆ — ಅದೂ ಕ್ಯಾಲ್ಸಿಯಮ್ಮೇ ಅಲ್ಲವೇ ಎಂದು. ಖಾಲಿಯಾದ ಮಾತ್ರೆ ಪಟ್ಟಿಗಳನ್ನು ಮತ್ತೆ ಅವಳ ಚೀಲಕ್ಕೇ ತುರುಕುತ್ತಿದ್ದೆ. ಆಗ ಅದರಲ್ಲಿ ಕಪಟವಿರಲಿಲ್ಲ. ಎಲ್ಲಿಂದ ತೆಗೆದೆನೋ ಅಲ್ಲಿಗೇ ಇಟ್ಟೆ, ಅಷ್ಟೆ.

ಮೊದಲ ವಾರದ ಪರೀಕ್ಷೆ ಆಯಿತು, ಸರಿ ಇತ್ತು. ಎರಡನೆಯದಕ್ಕೆ ನಾನು ಬಿಡಲಿಲ್ಲ. “ಹಸಿ ಬಾಣಂತಿ ಬಸ್ಸಿನಲ್ಲಿ ಗಾಳಿಗೆ ಕೂತುಕೊಳ್ಳುವುದಾ? ನಲವತ್ತು ದಿನ ಕಳೆಯಲಿ” ಎಂದೆ. ಕಾರ್ಕಳದಿಂದ ನಿಮ್ಮ ಅಪ್ಪ ಪಕ್ಕದ ಮನೆಗೆ ಫೋನ್ ಮಾಡಿ ಕೇಳಿದಾಗ, ಚೆನ್ನಾಗಿದ್ದಾಳೆ ಎಂದೆ.

ಚೆನ್ನಾಗಿರಲಿಲ್ಲ. ಅವಳಿಗೆ ಬಾಯಾರಿಕೆ. ಬಾಣಂತಿಗೆ ನೀರು ಅಳೆದು ಕೊಡುವುದು ನಮ್ಮ ಕ್ರಮ; ಅವಳು ಗೋಗರೆಯುತ್ತಿದ್ದಳು. ಮೀಯಿಸಲು ಬರುತ್ತಿದ್ದ ಲಚ್ಚಕ್ಕ ಒಂದು ಬೆಳಿಗ್ಗೆ ಬಚ್ಚಲಿನಿಂದಲೇ ಕೂಗಿದಳು: “ಎಂತ ಮಾರಾಯ್ತಿ, ನಿನ್ನ ಮಗಳು ಬಾಣಂತಿಯಾ ಕಂಬಳದ ಕೋಣವಾ? ಮೀಯುವ ನೀರನ್ನೇ ಕುಡಿಯುತ್ತಿದ್ದಾಳೆ!” ನಾವು ನಕ್ಕೆವು. ನಾನೂ ನಕ್ಕೆ. ಹಂಡೆಯ ಬಿಸಿನೀರು, ಸೊಪ್ಪು ಹಾಕಿ ಕುದಿಸಿದ್ದು — ಅದನ್ನು ಬೊಗಸೆಯಲ್ಲಿ ಎತ್ತಿ ಕುಡಿಯುತ್ತಿದ್ದಳು ನಿಮ್ಮ ಅಮ್ಮ.

ಆಮೇಲೆ ವಾಂತಿ. ಆಮೇಲೆ ನಿದ್ದೆ, ಹಗಲೆಲ್ಲ ನಿದ್ದೆ. ಒಂದು ಮಧ್ಯಾಹ್ನ ನೀನು ಅವಳ ಮಗ್ಗುಲಲ್ಲೇ ಮುಖ ಕೆಂಪಾಗುವಷ್ಟು ಅಳುತ್ತಿದ್ದೆ. ಅವಳ ಕಣ್ಣು ತೆರೆದೇ ಇತ್ತು, ಮೇಲೆ ಹಂಚಿನ ಮಾಡನ್ನು ನೋಡುತ್ತಿದ್ದಳು.

“ಶೈಲಾ, ಮಗು ಅಳುತ್ತಾ ಉಂಟಲ್ಲ?”

“ಯಾರ ಮಗು?” ಎಂದಳು.

ಮತ್ತೆ ಕ್ಯಾಲ್ಸಿಯಂ ಇಳಿಯಿತು, ಇನ್ನು ಕೈ ಸೆಟೆಯುತ್ತದೆ ಎಂದುಕೊಂಡೆ. ಆ ದಿನದಿಂದ ನಾಲ್ಕರ ಬದಲು — ಬರೆಯಲು ಕೈ ಬರುವುದಿಲ್ಲ — ಆರು ಅರೆದೆ.

ಮೂರನೆಯ ದಿನ ಕರೆದರೂ ಏಳಲಿಲ್ಲ. ಜೀಪು ಮಾಡಿ ಮಣಿಪಾಲಕ್ಕೆ ಒಯ್ದೆವು. ನಿಮ್ಮ ಅಪ್ಪ ಕಾರ್ಕಳದಿಂದ ನೇರವಾಗಿ ಅಲ್ಲಿಗೇ ಬಂದರು. ರಕ್ತ ನೋಡಿದ ಡಾಕ್ಟರಮ್ಮ, ಕ್ಯಾಲ್ಸಿಯಂ ಕಡಿಮೆಯಾದದ್ದಲ್ಲ, ವಿಪರೀತ ಏರಿದೆ, ಮೂತ್ರಪಿಂಡಕ್ಕೂ ಪೆಟ್ಟು ಬಿದ್ದಿದೆ ಎಂದರು. ಆ ಕ್ಷಣವೇ ನನಗೆ ಅರ್ಥವಾಯಿತು. ತಿಳಿಯದೆ ಮಾಡಿದ್ದು ಅಲ್ಲಿಗೆ ಮುಗಿಯಿತು. ಮುಂದಿನದೆಲ್ಲ ತಿಳಿದು ಮಾಡಿದ್ದು.

“ಎರಡಕ್ಕಿಂತ ಹೆಚ್ಚು ಮಾತ್ರೆ ಕೊಟ್ಟಿರಾ? ಎಲೆಗೆ ಸುಣ್ಣ? ಬೇರೆ ಎಂತಾದರೂ?” ಎಂದು ಅವರು ನನ್ನ ಮುಖ ನೋಡಿ ಕೇಳಿದರು.

“ಇಲ್ಲ” ಎಂದೆ.

ನಿಮ್ಮ ಅಪ್ಪ ಮನೆಗೆ ಹೋಗಿ ಅವಳ ಚೀಲ ಸುರಿದರು. ಖಾಲಿ ಪಟ್ಟಿಗಳು ಒಂದು ರಾಶಿ ಬಿದ್ದವು. ಅವನ್ನು ಆಸ್ಪತ್ರೆಗೆ ತಂದು ತೋರಿಸಿ, “ಹೆದರಿಕೆಗೆ ಕದ್ದು ತಿಂದಿದ್ದಾಳೆ ಮಾಮಿ” ಎಂದರು. ಹೌದೆಂದೂ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಿಂತೆ. ಅಳುತ್ತಿದ್ದೇನೆ ಎಂದುಕೊಂಡರು.

ನಾಲ್ಕು ದಿನ ಡ್ರಿಪ್ ಹಾಕಿದ ಮೇಲೆ ಅವಳಿಗೆ ಪೂರ್ತಿ ಪ್ರಜ್ಞೆ ಬಂತು. ಅಷ್ಟರಲ್ಲಿ ಹಾಲು ಬತ್ತಿಹೋಗಿತ್ತು. ಸ್ವಾತಿ, ನೀನು ಬಾಟಲಿ ಹಾಲಿಗೆ ಬಿದ್ದದ್ದು ಆಗಲೇ. ಸುತ್ತ ಯಾರೂ ಇಲ್ಲದಾಗ ಶೈಲ ನನ್ನ ಕೈ ಹಿಡಿದುಕೊಂಡಳು.

“ಅಮ್ಮ, ನಾನು ಎರಡೇ ತಿಂದ ನೆನಪು. ಹೆಚ್ಚು ತಿಂದೆನಾ?”

ಹೇಳಬಹುದಿತ್ತು. ಡಾಕ್ಟರಿರಲಿಲ್ಲ, ಅಳಿಯನಿರಲಿಲ್ಲ, ನಾಚಿಕೊಳ್ಳಲು ಯಾರೂ ಇರಲಿಲ್ಲ. ನನ್ನ ಮಗಳು ಒಬ್ಬಳೇ — ಅವಳಿಗೆ ನಾನು ಹೇಳಿದ್ದು ಇದು: “ಇರಬಹುದು ಮಗಾ. ನಿನಗೆ ನೆನಪಿಲ್ಲ.”

ಅವಳು ನಂಬಿದಳು. ನನ್ನನ್ನು ನಂಬಿ, ತನ್ನನ್ನು ನಂಬುವುದನ್ನು ಬಿಟ್ಟಳು.

ಮನೆಗೆ ಹೊರಡುವಾಗ ನಿಮ್ಮ ಅಪ್ಪ ಆ ಸ್ಟೀಲ್ ಡಬ್ಬಿಯನ್ನು ನನ್ನ ಕೈಗೆ ಕೊಟ್ಟರು. “ಇನ್ನು ಮಾತ್ರೆ ನೀವೇ ಕೊಡಿ ಮಾಮಿ. ಅವಳ ಕೈಯಲ್ಲಿ ಬೇಡ.” ತೆಗೆದುಕೊಂಡೆ. ಯಾರ ಕೈಯಿಂದ ಅವಳಿಗೆ ಹಾಗಾಯಿತೋ ಅದೇ ಕೈಗೆ ಬಂತು ಡಬ್ಬಿ.

ಪ್ರಜ್ವಲ್, ನೀನು ಹುಟ್ಟಿದಾಗಲೂ ಡಬ್ಬಿ ನನ್ನಲ್ಲೇ. ಬರೆದುಕೊಟ್ಟಷ್ಟೇ ಕೊಟ್ಟೆ. ಸುಣ್ಣವನ್ನು ಮನೆಯೊಳಗೇ ತರಲಿಲ್ಲ. ಒಂದು ಪರೀಕ್ಷೆಯನ್ನೂ ತಪ್ಪಿಸಲಿಲ್ಲ. ಎಲ್ಲ ಸುಸೂತ್ರವಾಯಿತು. “ಮಾಮಿ ಇದ್ದದ್ದಕ್ಕೆ ಆಯಿತು” ಎಂದು ಕಾರ್ಕಳದವರೆಲ್ಲ ಹೇಳಿದರು. ಅವಳು ಮಾಡದ ತಪ್ಪಿಗೆ ಅದೇ ಸಾಕ್ಷಿಯಾಗಿ ಹೋಯಿತು. ಅವಳೂ ನನ್ನ ಕಾಲು ಮುಟ್ಟಿದಳು.

ಮೂತ್ರಪಿಂಡ ಮೊದಲಿನಂತಾಗಲಿಲ್ಲ. ವರ್ಷ ವರ್ಷ ಅವಳು ಪರೀಕ್ಷೆಗೆ ಹೋಗುವಾಗ ನಾನು ಇಲ್ಲಿ ಅಂಗಳದಲ್ಲಿ ಕುಳಿತು ಬೀಡಿ ಕಟ್ಟುತ್ತೇನೆ. ಎಲೆ ಹರಿಯುತ್ತದೆ, ಮತ್ತೊಂದು ತೆಗೆಯುತ್ತೇನೆ. ಫೋನು ಬಂದರೆ ಎತ್ತಲು ಧೈರ್ಯ ಸಾಲುವುದಿಲ್ಲ.

ಹೋದ ತಿಂಗಳು ನಾನು ಕಾರ್ಕಳಕ್ಕೆ ಬಂದಿದ್ದೆನಲ್ಲ. ಈಗ ನಿಮ್ಮ ಅಪ್ಪ ತಮ್ಮ ಮೇಜಿನ ಮೇಲೆ ಇಟ್ಟುಕೊಂಡಿರುವ ಆ ಡಬ್ಬಿಗೆ ಅವಳು ಕೈ ಹಾಕಿದಾಗ, ಸ್ವಾತಿ, ನೀನು ಕಿತ್ತುಕೊಂಡು ನಕ್ಕೆ: “ಮುಟ್ಟಬೇಡ ಮಾರಾಯ್ತಿ, ನಿನ್ನ ಲೆಕ್ಕ ಗೊತ್ತುಂಟಲ್ಲ!” ಪ್ರಜ್ವಲನೂ ನಕ್ಕ. ಶೈಲಳೂ ನಕ್ಕು ಅಂಗೈ ಚಾಚಿದಳು — ಚಿಕ್ಕ ಮಗುವಿನ ಹಾಗೆ. ನಿನ್ನ ತಪ್ಪಲ್ಲ ಅದು. ಆ ಮಾತನ್ನು ಆ ಮನೆಯಲ್ಲಿ ಬಿತ್ತಿದವಳು ನಾನು.

ಭಯದಿಂದ ಮಾಡಿದೆ ಎಂದು ಹೇಳಿಕೊಳ್ಳುವುದಿಲ್ಲ. ಭಯ ಗಂಜಿಯ ದಿನಗಳಲ್ಲಿತ್ತು. ಆಮೇಲಿನ ವರ್ಷಗಳಿಗೆ ಆ ಹೆಸರು ಒಪ್ಪುವುದಿಲ್ಲ.

ನಾಳೆ ಪಡುಬಿದ್ರಿಯಲ್ಲಿ ಬಸ್ಸು ಬದಲಿಸಿ ಬರುತ್ತೇನೆ. ಅವಳೆದುರು ಬಾಯಿಬಿಟ್ಟು ಹೇಳುತ್ತೇನೆ. ಮಾತು ಹೊರಡದಿದ್ದರೆ ಈ ಕಾಗದ ಕೊಡುತ್ತೇನೆ. ನಿಮಗೆ ಕೊಡುವುದು ಬಿಡುವುದು ಅವಳಿಗೆ ಸೇರಿದ್ದು. ನೀವು ಇದನ್ನು ಓದುತ್ತಿದ್ದೀರಿ ಎಂದರೆ ಅವಳೇ ಕೊಟ್ಟಿದ್ದಾಳೆ. ಅವಳು ನನ್ನನ್ನು ಹೊರಗೆ ಹೋಗು ಎಂದಿದ್ದರೆ ನನ್ನ ಪರವಾಗಿ ಮಾತಾಡಬೇಡಿ. ಅಪ್ಪನ ಮೇಜಿನಿಂದ ಆ ಸ್ಟೀಲ್ ಡಬ್ಬಿ ತಂದು ಅವಳ ಕೈಯಲ್ಲಿ ಕೊಡಿ. ಮುಚ್ಚಳ ಅವಳೇ ತೆಗೆಯಲಿ. ಎಣಿಸುವಾಗ ನೋಡುತ್ತಾ ನಿಲ್ಲಬೇಡಿ.