ಕಾಯಿನೀರು ಕುಡಿದ ಪೆಟ್ಟಿಗೆ

ತೆಂಗಿನಕಾಯಿ ಒಡೆದಾಗ ನೀರು ಯಾವ ಕಡೆ ಚಿಮ್ಮುತ್ತದೆಂದು ನೀವೆಂದಾದರೂ ಗಮನಿಸಿದ್ದೀರಾ? ನಾನಂತೂ ಇಲ್ಲ. ಸಿಂದಗಿಯಲ್ಲಿ ಅರಿವೆ ಅಂಗಡಿ ಇಟ್ಟುಕೊಂಡಿರುವ ನನಗೆ ಕಾಯಿ ಎಂದರೆ ಹೋಳು, ಹೋಳು ಎಂದರೆ ಚಟ್ನಿ. ನಡುವೆ ಹಾರಿಹೋಗುವ ನೀರನ್ನು ದೇವರ ಪಾಲಿಗೆ ಬಿಟ್ಟು ನಿಶ್ಚಿಂತನಾಗಿದ್ದವನು. ಆ ನಾಲ್ಕು ಹನಿಗಳು ತಾಂಬಾದಲ್ಲಿ ಒಂದು ಬಳಗದ ಊಟವನ್ನೇ ಬುಡಮೇಲು ಮಾಡುವುದರಲ್ಲಿದ್ದವು ಎಂದರೆ ನಂಬುತ್ತೀರೋ ಇಲ್ಲವೋ.

ನನ್ನ ಮಾವ ಸಿದ್ದಪ್ಪನವರು ತಾಂಬಾದವರು. ಬಳಗದ ಯಾವ ಕೂಸಿನ ಜವಳವಾಗಲಿ, ಮೊದಲ ಕೂದಲು ಇಳಿಸಿದ ಮೇಲಿನ ಮಟನ್ ಊಟಕ್ಕೆ ಒಲೆ ಹಿಡಿಯುವವರು ಅವರೇ. ಕಣ್ಣಿನ ಆಪರೇಷನ್ ಆದದ್ದೇ ತಡ, ಡಾಕ್ಟರು ಹೊಗೆಯ ಹತ್ತಿರ ಸುಳಿಯಕೂಡದೆಂದರು. ಎದುರಿಗೇ ಬಂದಿದ್ದ ಜವಳಕ್ಕೆ ಬಸವನ ಬಾಗೇವಾಡಿಯ ಬೀಗರು ಇಂಡಿ ಪೇಟೆಯಿಂದ ಅಡುಗೆಯವರನ್ನು ಕರೆಸೋಣವೆಂದರು. ಮಾವ ಅಂದು ಅರ್ಧ ರೊಟ್ಟಿ ತಾಟಿನಲ್ಲೇ ಬಿಟ್ಟು ಎದ್ದರು. ಅದನ್ನು ಕಂಡ ನನ್ನ ಹೆಂಡತಿ ಮಹಾದೇವಿ, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು, ಎಲ್ಲರೆದುರು ಹೇಳಿಬಿಟ್ಟಳು: "ಹೊರಗಿನವರನ್ನ ಕರೀಬ್ಯಾಡ್ರಿ. ಈ ಸಲ ಒಲಿ ನಾ ಹಿಡೀತೇನಿ. ಕೆಟ್ಟರ, ಮುಂದ ಯಾರನ್ನರ ಕರೀರಿ, ನಾವು ಮಾತಾಡಂಗಿಲ್ಲ."

ಅವಳ ಒಲೆಯೂ ಅವಳಂತೆಯೇ, ಯಾರ ಮಾತಿಗೂ ಬಗ್ಗುವಂಥದಲ್ಲ. ಸಿಂದಗಿಯ ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಡ್ರಮ್ಮಿಗೆ ಮುಚ್ಚಳ ಮಾಡಿಸಿ, ಕೆಳಗೆ ಗಾಳಿಗೊಂದು ಕಿಂಡಿ ಕೊರೆಸಿದ್ದಳು. ಕಿಂಡಿಗೊಂದು ಪುಟ್ಟ ಫ್ಯಾನು. ಪಕ್ಕದಲ್ಲಿ ಸಾಬೂನಿನ ಡಬ್ಬಿಯಷ್ಟು ದೊಡ್ಡ ಕರಿಯ ಪೆಟ್ಟಿಗೆ. ಪೆಟ್ಟಿಗೆಯ ತೂತಿಗೆ ಸಿಕ್ಕಿಸಿದ ತಂತಿಯ ತುದಿಯಲ್ಲಿ ಉಕ್ಕಿನ ಸೂಜಿ. ಆ ಸೂಜಿ ಡ್ರಮ್ಮಿನೊಳಗಿನ ಕಾವನ್ನು ಮುಟ್ಟಿ ನೋಡಿ ಹೇಳಬೇಕು, ಕಾವು ಇಳಿದರೆ ಪೆಟ್ಟಿಗೆ ಫ್ಯಾನು ತಿರುಗಿಸಬೇಕು, ಏರಿದರೆ ನಿಲ್ಲಿಸಬೇಕು, ನಡುನಡುವೆ ಅವಳ ಮೊಬೈಲಿಗೆ ತಂತಿಯಿಲ್ಲದೆ ಸುದ್ದಿ ಮುಟ್ಟಿಸಬೇಕು. ನಮ್ಮಜ್ಜಿಯ ಊದುಗೊಳವಿಗೆ ಬುದ್ಧಿ ಬಂದಂತೆ ಎಂದು ನಾನು ಅಂಗಡಿಯಲ್ಲಿ ಬಂದವರಿಗೆಲ್ಲ ಬಣ್ಣಿಸಿದ್ದೇ ಬಣ್ಣಿಸಿದ್ದು.

ಜವಳದ ದಿನ ಬೆಳಿಗ್ಗೆ, ಒಲೆ ಹಚ್ಚುವ ಮುಂಚೆ ಕಾಯಿ ಒಡೆಯುವ ತಮ್ಮ ಪದ್ಧತಿಯನ್ನು ಮಾವ ಬಿಡಲಿಲ್ಲ. ಒಡೆದು, ಹೋಳಿನಲ್ಲಿ ಉಳಿದ ನೀರನ್ನು ಬೆರಳದ್ದಿ ಹೊಸ ಒಲೆಯ ಮೇಲೆಲ್ಲ ಚಿಮುಕಿಸಿ, ಮಗಳು ಮಹಾದೇವಿಯ ತಲೆಯ ಮೇಲೂ ಎರಡು ಹನಿ ಹಾಕಿದರು. ಜಾಲಿಯ ಇದ್ದಲು ಕೆಂಪಗೆ ಹತ್ತಿತು, ತೊಡೆಮಾಂಸ ಒಳಗೆ ತೂಗಿತು. ಸ್ವಲ್ಪ ಹೊತ್ತಿಗೇ ಮೊಬೈಲು ಬೇಕಾದ್ದಕ್ಕಿಂತ ಹೆಚ್ಚಿನ ಕಾವು ತೋರಿಸತೊಡಗಿ, ಫ್ಯಾನು ತೆಪ್ಪಗಾಯಿತು. ಕೆಲಸ ಬಲು ಜೋರು ನಡೆದಿದೆ ಎಂದು ನಾನು ಮುದ್ದೇಬಿಹಾಳದ ಕಾಕಾನಿಗೆ ಹೇಳುತ್ತಿರುವಾಗ, ಮಹಾದೇವಿ ಮುಚ್ಚಳದ ಮೇಲೆ ಅಂಗೈಯಿಟ್ಟಳು, ತೆಗೆಯಲೇ ಇಲ್ಲ. "ಕೈ ಸುಡವಲ್ಲದು. ಬೆಂಕಿ ಸಾಯಾಕತ್ತೈತ್ರಿ," ಎಂದಳು.

ಆಮೇಲೆ ಶುರುವಾಯಿತು ನೋಡಿ ಉಪದೇಶ! ಒಬ್ಬರು ಪೆಟ್ಟಿಗೆಗೆ ಎರಡೇಟು ಹಾಕಲು ಹೇಳಿದರು, ಇನ್ನೊಬ್ಬರು ದೃಷ್ಟಿ ತೆಗೆಯಲು ಹೇಳಿದರು, ಬಾಗೇವಾಡಿಯ ಬೀಗರು ಇಂಡಿಗೆ ಫೋನು ಮಾಡಲು ಆಗಲೇ ಜೇಬಿಗೆ ಕೈ ಹಾಕಿದ್ದರು. ಮಾವ ಮಾತ್ರ ದೂರದ ಕಟ್ಟೆಯ ಮೇಲಿಂದಲೇ ಗುಡುಗಿದರು: "ಅಳ್ಯಾರ, ನೋಡ್ಕೋತ ನಿಂತೀರೇನು? ಊದ್ರಿ!" ಸರಿ, ಊದುಗೊಳವಿ ಹಿಡಿದು ಕಿಂಡಿಯ ಮುಂದೆ ಕುಕ್ಕರಗಾಲಲ್ಲಿ ಕೂತೆ. ಬುದ್ಧಿಯಿಲ್ಲದ ಆ ಊದುಗೊಳವಿಯೂ ನಾನೂ ಅಂದು ಒಂದಾದೆವು.

ಊದುತ್ತಲೇ ಅವಳನ್ನು ನೋಡುತ್ತಿದ್ದೆ. ಮದುವೆಯಾದ ಮೇಲೆ ಅವಳನ್ನು ಅಷ್ಟು ಹೊತ್ತು ಬಿಡದೆ ನೋಡಿದ್ದು ಅದೇ ಮೊದಲೆಂದು ಕಾಣುತ್ತದೆ. ಅವಳಿಗೆ ಆತುರವಿರಲಿಲ್ಲವೆಂದಲ್ಲ, ಹಣೆ ಬೆವೆತಿತ್ತು. ಆದರೂ ಒಂದೊಂದನ್ನೇ ಪರೀಕ್ಷಿಸಿದಳು. ಮೊದಲು ಮೊಬೈಲು ಹಿಡಿದು ಪೆಟ್ಟಿಗೆಯ ಪಕ್ಕದಲ್ಲೇ ನಿಂತಳು: ಪೆಟ್ಟಿಗೆಯ ಮುಖದ ಮೇಲಿನದೂ ಮೊಬೈಲಿನದೂ ಒಂದೇ ಅಂಕಿ. ಅಂದರೆ ಸುದ್ದಿ ದಾರಿಯಲ್ಲಿ ಕೆಟ್ಟಿಲ್ಲ. ಆಮೇಲೆ ಸೂಜಿ ಬದಲಿಸಿದಳು: ಅದೇ ಅಂಕಿ. ಸೂಜಿಯದೂ ತಪ್ಪಿಲ್ಲ. ನನ್ನ ವ್ಯಾಪಾರ ಇಳಿದಾಗ ನಾನೇನು ಮಾಡುತ್ತೇನೆ ಗೊತ್ತೇ? ಬೋರ್ಡು, ದರ, ಗಲ್ಲಾಪೆಟ್ಟಿಗೆಯ ದಿಕ್ಕು ಎಲ್ಲವನ್ನೂ ಒಂದೇ ದಿನ ಬದಲಿಸುತ್ತೇನೆ. ಆಮೇಲೆ ಸುಧಾರಿಸಿದ್ದು ಯಾವುದರಿಂದ, ಕೆಟ್ಟದ್ದು ಯಾವುದರಿಂದ, ಶಿವನೇ ಬಲ್ಲ. ಒಂದು ಸಲಕ್ಕೆ ಒಂದನ್ನೇ ಕೇಳಿ, ಅದರ ಉತ್ತರಕ್ಕೆ ಕಾಯುವ ತಾಳ್ಮೆ ನಮ್ಮ ಸಂಸಾರದ ಜಗಳಗಳಲ್ಲೂ ಇದ್ದಿದ್ದರೆ ಅರ್ಧಕ್ಕರ್ಧ ಜಗಳ ಹುಟ್ಟುತ್ತಲೇ ಇರಲಿಲ್ಲವೇನೋ.

ಕೊನೆಗೆ ತಂತಿಯನ್ನೇ ಕಿತ್ತು ತೂತನ್ನು ಬರಿದು ಮಾಡಿದಳು. ತಂತಿಯಿಲ್ಲದ ಮೇಲೆ ಅಂಕಿಯೇ ಕಾಣಬಾರದು; ಆಗಲೂ ಪೆಟ್ಟಿಗೆ ಬಿಸಿ, ಬಿಸಿ ಎಂದೇ ಹಟ ಹಿಡಿಯಿತು! ಅವಳ ಮುಖ ಅರಳಿತು. ಆರತಿ ತಟ್ಟೆಯಲ್ಲಿ ಉಳಿದಿದ್ದ ಒಂದು ಹೂಬತ್ತಿಯನ್ನು ಹೊಸೆದು ತೂತಿನೊಳಗೆ ತಿರುವಿ ತೆಗೆದಳು. ಬತ್ತಿ ಒದ್ದೆಯಾಗಿತ್ತು. ಮೂಸಿದಳು, ನಾಲಿಗೆಯ ತುದಿಗೆ ಮುಟ್ಟಿಸಿದಳು.

"ಸೀ ಐತಿ," ಎಂದಳು.

ಕಟ್ಟೆಯ ಮೇಲೆ ಮಾವ ನಿಧಾನ ಎದ್ದು ನಿಂತರು. "ನನ್ನ ಕಾಯಿನೀರೇನವ್ವ?"

ಅವಳು ಸುಳ್ಳು ಹೇಳಬಹುದಿತ್ತು, ನಾನಾಗಿದ್ದರೆ ಹೇಳುತ್ತಿದ್ದೆ. "ಹೌದಪ್ಪ. ಒಳಗಿನ ಎರಡು ತಗಡು ಒದ್ದಿಯಾಗಿ ಒಂದಕ್ಕೊಂದು ಮಾತಾಡಾಕತ್ತಾವು. ಕಾವು ಭಾಳ ಐತಿ ಅಂತ ತಿಳ್ಕೊಂಡು ಪೆಟ್ಟಿಗಿ ಫ್ಯಾನು ನಿಲ್ಲಿಸೇತಿ. ನೀ ಮಾಡಿದ ಪೂಜಾದಾಗ ಅದೂ, ಪಾಪ, ಒಂದ್ ಗುಟುಕು ಕುಡದೈತಿ ಅಷ್ಟ," ಎಂದು ನಕ್ಕಳು. ಆ ನಗುವಿನಲ್ಲಿ ದೂರು ಇರಲಿಲ್ಲ. ಮಾವ ಮಾತ್ರ ನಗಲಿಲ್ಲ.

ಸ್ಪಿರಿಟ್ಟಿನಲ್ಲಿ ಅದ್ದಿದ ಬತ್ತಿಯಿಂದ ಒರೆಸಿ, ಬಿಸಿಲಿಗೆ ಹಿಡಿದು, ಪೂರ್ತಿ ಆರಿದ ಮೇಲೆ ತಂತಿ ಸಿಕ್ಕಿಸಿದಳು. ಅಂಕಿ ದಡದಡ ಇಳಿಯಿತು, ಫ್ಯಾನು ಗುಂಯ್ ಎಂದಿತು, ನನ್ನ ಗಲ್ಲಗಳಿಗೆ ಬಿಡುಗಡೆಯಾಯಿತು. ಊಟ ಇಳಿಹೊತ್ತಿಗೆ ಸರಿಯಿತು ನಿಜ, ಆದರೆ ಎಲುಬಿನಿಂದ ತಾನಾಗಿ ಕಳಚುವಷ್ಟು ಬೆಂದ ಆ ತುಂಡುಗಳನ್ನು ಕಡಕ್ ರೊಟ್ಟಿಯೊಡನೆ ಮತ್ತೆ ಮತ್ತೆ ಹಾಕಿಸಿಕೊಂಡವರು ಬಾಗೇವಾಡಿಯ ಬೀಗರೇ. ಇಂಡಿಯ ಮಾತು ಮತ್ತೆ ಯಾರೂ ಎತ್ತಲಿಲ್ಲ.

ಮುಂದಿನ ಜವಳ ಆ ಬೀಗರ ಮನೆಯಲ್ಲೇ. ಇಂಡಿಗೆ ಫೋನು ಮಾಡಹೊರಟವರೇ ಈಗ ನಮ್ಮ ಡ್ರಮ್ಮಿಗೆ ಗಾಡಿ ಕಳಿಸಿದ್ದರು. ಮಾವ ಈ ಸಲ ಕಾಯಿ ಒಡೆಯಲಾರರೆಂದೇ ನಾನು ಅಂದುಕೊಂಡಿದ್ದೆ, ಮಹಾದೇವಿಯೂ ಅದನ್ನು ಕೇಳಲು ಧೈರ್ಯ ಮಾಡಿರಲಿಲ್ಲ. ಅವರು ಕಾಯಿ ಹಿಡಿದುಕೊಂಡೇ ಬಂದರು. ಒಲೆಯ ಮುಂದೆ ನಿಂತು, ಪೆಟ್ಟಿಗೆ ಎಲ್ಲಿದೆಯೆಂದು ಕಣ್ಣು ಕಿರಿದು ಮಾಡಿ ಹುಡುಕಿದರು. ಹೆಣ್ಣು ಕೊಟ್ಟವರ, ತಂದವರ ಎದುರು ಎಂದೂ ಬರಿತಲೆಯಲ್ಲಿ ನಿಂತವರಲ್ಲ ನನ್ನ ಮಾವ. ಅಂದು ಅಷ್ಟು ಜನ ನೋಡುತ್ತಿದ್ದಂತೆ ತಲೆಯ ರುಮಾಲು ಬಿಚ್ಚಿ, ಮಡಚಿ, ಆ ಪೆಟ್ಟಿಗೆಯ ಮೇಲೆ ಹೊದಿಸಿದರು. ಆಮೇಲೆ ಕಾಯಿ ಒಡೆದರು. ನೀರು ಯಾವ ಕಡೆ ಚಿಮ್ಮುತ್ತದೆಂದು ಈ ಸಲ ನಾನೂ ನೋಡಿದೆ: ನೇರವಾಗಿ ರುಮಾಲಿನ ಮೇಲೆ. ಒದ್ದೆಯಾದ ಅದನ್ನೇ ಎತ್ತಿ ತಲೆಗೆ ಸುತ್ತಿಕೊಳ್ಳುತ್ತ ಹೇಳಿದರು:

"ಹಚ್ಚವ್ವ, ನಿನ್ನ ಒಲಿ."