ಕಿಟಕಿಯಿಂದ ಊರುಗೋಲು ಹಾಕಿದ ಪುಷ್ಪಾ

ಹನಗೋಡಿನ ಪುಷ್ಪಾಗೆ ಮೂವತ್ತೆರಡು ವರ್ಷ. ಎರಡನೇ ವಯಸ್ಸಿಗೇ ಪೋಲಿಯೊ ಬಂದು ಎರಡೂ ಕಾಲಿನ ಬಲ ಹೋಯಿತು. ಎರಡು ಊರುಗೋಲು ಕೊಟ್ಟರೆ ಊರೆಲ್ಲ ಸುತ್ತಿ ಬರುತ್ತಾಳೆ. ಅವಳು ಹೊಲಿದ ರವಿಕೆಯ ತೋಳಲ್ಲಿ ಒಂದು ಸುಕ್ಕು ಹುಡುಕಿ ತೋರಿಸಿ, ನೋಡೋಣ.

ಹೋದ ವರ್ಷ ಹುಣಸೂರಿನ ಒಂದು ಗಾರ್ಮೆಂಟ್ಸಿನವರು ಅವಳನ್ನು ಕರೆದರು. ಕೈಯಲ್ಲೇ ನಡೆಸುವ ಮಷೀನು ಇತ್ತಂತೆ. ಷರತ್ತು ಒಂದೇ. ಆರು ದಿನ ಒಂಬತ್ತೂವರೆಗೆ ಸರಿಯಾಗಿ ಬಂದು ತೋರಿಸಬೇಕು, ಆಮೇಲೆ ಕೆಲಸ ಕಾಯಂ. ಮೂವತ್ತು ವರ್ಷ ಒಂದೇ ಜಗಲಿಯಲ್ಲಿ ಕೂತವಳಿಗೆ ಸಂಬಳಕ್ಕಿಂತ ದಿನಾ ಹೊರಗೆ ಹೋಗುವುದೇ ದೊಡ್ಡದಾಗಿತ್ತು.

ಆ ಹೊತ್ತಿಗೆ ಹುಣಸೂರು ಮುಟ್ಟಿಸಲು ಇರುವುದು ಎಂಟು ಗಂಟೆಯ ಬಸ್ಸೊಂದೇ. ಅದು ಬರುವುದನ್ನು ನೀವು ನೋಡಬೇಕು. ನಿಲ್ಲುವ ಮೊದಲೇ ಜನ ಜೊತೆಗೆ ಓಡುತ್ತಾ ಕಿಟಕಿಯಿಂದ ಟವೆಲು, ಚೀಲ, ಛತ್ರಿ ಎಸೆಯುತ್ತಾರೆ. ಯಾರ ವಸ್ತು ಬಿತ್ತೋ ಅವರದೇ ಸೀಟು. ಇದು ನಮ್ಮ ಕಡೆಯ ಕಾನೂನು. ಅಂಗವಿಕಲರಿಗೆ ಅಂತ ಬರೆದ ಸೀಟಿಗೂ ಅದೇ ಕಾನೂನು. ಮೊದಲ ಮೆಟ್ಟಿಲಂತೂ ಮೊಣಕಾಲೆತ್ತರ. ಪುಷ್ಪಾ ಐದು ದಿನ ಯಾರ್‍ಯಾರದೋ ಕೈ ಹಿಡಿದು ಹತ್ತಿದಳು, ಹುಣಸೂರಿನ ತನಕ ಕಂಬಿಗೆ ಜೋತಾಡಿದಳು. ಐದನೇ ದಿನ ಕಂಬಿ ಬಡಿದು ತುಟಿ ಒಡೆಯಿತು. ಒಬ್ಬರೂ ಏಳಲಿಲ್ಲ.

ಆರನೇ ದಿನ, ಶನಿವಾರ. ಅದೃಷ್ಟಕ್ಕೆ ಬಸ್ಸು ಅವಳ ಮುಂದೆಯೇ ನಿಂತಿತು. ಎಲ್ಲರೂ ಮಾಡುವುದನ್ನೇ ಅವಳೂ ಮಾಡಿದಳು. ಒಂದು ಊರುಗೋಲನ್ನು ಕಿಟಕಿಯಿಂದ ತೂರಿಸಿ ಅಂಗವಿಕಲರ ಸೀಟಿನ ಮೇಲೆ ಹಾಕಿದಳು.

"ಸೀಟ್ ಇಡ್ದೆ ಕಣಕ್ಕಾ!" ಅಂತ ಪಕ್ಕದವಳಿಗೆ ಹೇಳಿ ನಕ್ಕಳು.

ಒಂದೇ ಕೋಲಲ್ಲಿ ಆ ಮೆಟ್ಟಿಲು ಹತ್ತಲಾಗದು ಅನ್ನುವುದು ಬಾಗಿಲಿಗೆ ಬಂದ ಮೇಲೆ ಗೊತ್ತಾಯಿತು. ಹಿಂದಿನವರು ತಳ್ಳಿ ಮುಂದೆ ಹೋದರು. ಕಂಡಕ್ಟರ್ ಕಾಂತರಾಜ್ ವಿಷಲ್ ಬಾಯಿಗಿಟ್ಟ.

"ಅಣ್ಣಾ, ತಡಿ! ನನ್ ಕೋಲು ಒಳಗೈತೆ!"

"ಟವೆಲ್ ಆಕೋ ಜಾಗಕ್ಕೆ ಕಾಲೇ ಆಕ್ಬುಟ್ಯಲ್ಲವ್ವ! ಮುಂದಿನ್ ಬಸ್ಸಿಗೆ ಬಾ, ಟೈಮಾಗೈತೆ."

ಬಸ್ಸು ಪೂರ್ತಿ ನಕ್ಕಿತು. ನಗುವುದಕ್ಕೆ ಅಷ್ಟು ಬಾಯಿತ್ತು, ಕೋಲು ಎತ್ತಿ ಹೊರಗೆ ಕೊಡುವುದಕ್ಕೆ ಒಂದು ಕೈ ಇರಲಿಲ್ಲ. ಬಸ್ಸು ಹೊರಟೇ ಹೋಯಿತು.

ಆ ಸೀಟಿನಲ್ಲಿ ಕೂತವರು ಅಕ್ಕಿ ವ್ಯಾಪಾರದ ಸಿದ್ದಮಲ್ಲಪ್ಪ. ಒಂದು ದಿನವೂ ಹಣೆಗೆ ವಿಭೂತಿ ತಪ್ಪಿಸದವರು. ಆಮೇಲೆ ನಾನು ಕೇಳಿದಾಗ ಒಂಚೂರೂ ನಾಚಿಕೆಯಿಲ್ಲದೆ ಹೇಳಿದರು: "ಅವ್ಳು ಅತ್ಲಿಲ್ವಲ್ಲ ಕಣ್ರೀ. ಕೋಲು ಮೇಲಿಟ್ಟು ಕೂತ್ಕಂಡೆ. ಖಾಲಿ ಸೀಟ್ನ ಏನ್ ಪೂಜೆ ಮಾಡಾದಾ?"

ಪುಷ್ಪಾ ಶುಂಠಿ ಮೂಟೆಯ ಟೆಂಪೋದಲ್ಲಿ ಕೂತು, ಗೋಡೆ ಹಿಡಿದು ಕುಂಟುತ್ತಾ ಗಾರ್ಮೆಂಟ್ಸಿನ ಬಾಗಿಲಿಗೆ ಬಂದಾಗ ಹತ್ತೂಕಾಲು. ಮೇಲ್ವಿಚಾರಕಿ ಉಷಾರಾಣಿ ಕೆಟ್ಟವಳಲ್ಲ. ಅದೇ ನೋಡಿ ಇನ್ನೂ ಕಷ್ಟ.

"ನಿನ್ ಕೆಲ್ಸದಲ್ಲಿ ಒಂದು ತಪ್ಪಿಲ್ಲ ಪುಷ್ಪಾ. ಆದ್ರೆ ನಿಮ್ಮೂರಿಗೆ ಸರಿಯಾಗಿ ಬಸ್ಸಿಲ್ವಲ್ಲ, ನಾನೇನ್ಮಾಡ್ಲಿ?"

"ಬಸ್ಸೈತೆ ಅಕ್ಕ. ನಂಗೆ ಬಾಗ್ಲಿಲ್ಲ, ಅಷ್ಟೇಯ."

ಉಷಾರಾಣಿ ಅವಳ ಬೆನ್ನು ಸವರಿ, "ಮನೆಗೇ ಬಟ್ಟೆ ಕಳಿಸ್ತೀನಿ. ಕಾಜಾ, ಗುಂಡಿ ಹಾಕ್ಕೊಡು. ನೀನು ಬರೋ ಕಷ್ಟವೇ ಬೇಡ" ಅಂದಳು.

"ಬರ್ಬೇಕು ಅಂತ್ಲೇ ಬಂದೆ ಕಣಕ್ಕ" ಅಂದಳು ಪುಷ್ಪಾ. ಆದರೂ ಒಪ್ಪಿಕೊಂಡಳು. ಬೇರೆ ದಾರಿ ಯಾವನು ಇಟ್ಟಿದ್ದಾನೆ?

ಹುಣಸೂರು ಬಸ್ ನಿಲ್ದಾಣದಲ್ಲಿ, ಬಿಟ್ಟುಹೋದ ಸಾಮಾನಿಡುವ ಕೋಣೆಯಲ್ಲಿ ಬಿದ್ದಿದ್ದ ಕೋಲನ್ನು ಸಹಿ ಹಾಕಿ ಬಿಡಿಸಿಕೊಂಡು ಊರಿಗೆ ಬಂದಳು. ಹುಣಸೂರಿನ ಆ ಮಷೀನಿನಲ್ಲಿ ಈಗ ಬೇರೆ ಹುಡುಗಿ ಕೂರುತ್ತಾಳೆ. ಪುಷ್ಪಾಳ ಪಾಲಿನ ಬಟ್ಟೆ ಗಂಟು ವಾರಕ್ಕೆರಡು ಸಲ ಹನಗೋಡಿಗೆ ಬರುತ್ತದೆ, ಅದೇ ಬಸ್ಸಿನಲ್ಲಿ. ಅವತ್ತು ಡ್ರೈವರು ಅವಳ ಮನೆಯೆದುರೇ ನಿಲ್ಲಿಸುತ್ತಾನೆ. ಗಂಟು ಮಣ್ಣಾಗಬಾರದು ಅಂತ ಕಾಂತರಾಜ್ ತಾನೇ ಎರಡೂ ಕೈಯಲ್ಲಿ ಹಿಡಿದು, ನಿಧಾನಕ್ಕೆ ಇಳಿದು, ಜಗಲಿಯ ಮೇಲಿಟ್ಟು ಹೋಗುತ್ತಾನೆ.